ಎದೆನೋವಿನ ಮೂಲ ಹುಡುಕಿದ ದಾರಿ

ಗೋಕಾಕ ಜಲಪಾತದ ಬಲದಿಂದ ಅಲ್ಲಿಯ ಹತ್ತಿ ಗಿರಣಿಯ ಚಕ್ರಗಳು ತಿರುಗತೊಡಗಿದ್ದು 1887ರಲ್ಲಿ. ದೇಶದಲ್ಲಿ ಬಹು ಬೇಗ ಜಲವಿದ್ಯುತ್ತನ್ನು ಕಂಡ ಊರುಗಳಲ್ಲಿ ಗೋಕಾಕವೂ ಒಂದು. ಗಿರಣಿ ಆರಂಭವಾಗಿ ಎಂಟು ವರ್ಷಗಳ ನಂತರ, 1895ರ ನವೆಂಬರ್ 8ರಂದು, ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ. ಕತ್ತಿ ತಾಗಿಸದೆ ಒಡಲೊಳಗನ್ನು ನೋಡುವುದು ಮನುಷ್ಯನಿಗೆ ಸಾಧ್ಯವಾಯಿತು. ಆ ನೋಟಕ್ಕೆ ವಿದ್ಯುತ್ ಬೇಕು, ನಿಜ. ಆದರೆ ವಿದ್ಯುತ್ ಇದ್ದಷ್ಟಕ್ಕೇ ರೋಗಿಯ ಕಾಯಿಲೆ ತಿಳಿಯುವುದಿಲ್ಲ ಎಂಬುದನ್ನು ಮುಂದಿನ ನೂರು ವರ್ಷಗಳ ಚರಿತ್ರೆ ಹೇಳುತ್ತದೆ.

ಎದೆನೋವು ಎಂಬುದು ಹಲವು ಕಾಯಿಲೆಗಳಿಗೆ ಇರುವ ಒಂದೇ ಹೆಸರು. ಹೃದಯದ ರಕ್ತನಾಳ ಕಟ್ಟಿಕೊಂಡರೂ, ಶ್ವಾಸಕೋಶದ ಪೊರೆ ಬಾತರೂ, ಜಠರದ ಆಮ್ಲ ಮೇಲೇರಿದರೂ, ಪಕ್ಕೆಯ ಸ್ನಾಯು ಉಳುಕಿದರೂ ಕೈ ಹೋಗುವುದು ಎದೆಗೇ. 'ವಾಯು ಇರಬೇಕು' ಎಂದು ಓಮ ಅಗಿದು ಮಲಗಿದವರಲ್ಲಿ ಬಹುಪಾಲು ಜನ ಬೆಳಿಗ್ಗೆ ಎದ್ದಿದ್ದಾರೆ, ಕೆಲವರು ಏಳಲಿಲ್ಲ. ಈ ನೋವುಗಳನ್ನು ಬೇರ್ಪಡಿಸುವ ಮೊದಲ ಉಪಕರಣ 1816ರಲ್ಲಿ ಫ್ರಾನ್ಸಿನ ಲೆನೆಕ್ ರೂಪಿಸಿದ ಸ್ಟೆತಸ್ಕೋಪ್. ಕ್ಷ-ಕಿರಣ ಶ್ವಾಸಕೋಶದ ಕಲೆಯನ್ನು ತೋರಿಸಿತು, ಆದರೆ ಹೃದಯದ ನಾಳ ಕಟ್ಟಿದ್ದನ್ನು ಸಾಮಾನ್ಯ ಎಕ್ಸ್‌ರೇ ಹೇಳಲಾರದು. ಆ ಕೆಲಸಕ್ಕೆ ನೆರವಾದದ್ದು ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಇಸಿಜಿ. ಅದಕ್ಕಾಗಿ 1924ರಲ್ಲಿ ಅವನಿಗೆ ನೊಬೆಲ್ ಬಂತು.

ಯಂತ್ರಗಳು ಬಂದ ಮೇಲೆ ಎದ್ದ ಪ್ರಶ್ನೆಯೇ ಬೇರೆ: ಎಲ್ಲರನ್ನೂ ಯಂತ್ರದ ಮುಂದೆ ನಿಲ್ಲಿಸಿ ರೋಗ ಹುಡುಕಬೇಕೆ? ಇದಕ್ಕೆ ಜಗತ್ತೇ ಗಮನಿಸಿದ ಉತ್ತರವೊಂದು ಕರ್ನಾಟಕದಿಂದ ಹೊರಟಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷ-ಕಿರಣ ಸಮೀಕ್ಷೆ ನಡೆಸಿತು. ಅದರಲ್ಲಿ ಪತ್ತೆಯಾದ ರೋಗಿಗಳನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಹಲವರ ನಂಬಿಕೆಯನ್ನು ಅಲುಗಿಸಿತು. ಹಳ್ಳಿಗರಿಗೆ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಕ್ಷಯವೆಂದು ಗುರುತಿಸದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದೂ ಉಂಟು. ಹಾಗಾದರೆ ದುಬಾರಿ ಯಂತ್ರವನ್ನು ಮನೆಮನೆಗೆ ಒಯ್ಯುವುದಕ್ಕಿಂತ, ತಾನಾಗಿ ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸುವುದು ಮೇಲಲ್ಲವೇ? 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತು.

ಮೆದುಳಿನ ಕಥೆ ಸ್ವಲ್ಪ ಭಿನ್ನ. ತಲೆಬುರುಡೆಯೊಳಗಿನ ಮೃದು ಭಾಗಗಳನ್ನು ಸಾಮಾನ್ಯ ಎಕ್ಸ್‌ರೇ ತೋರಿಸದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್‌ನ ಸಿ.ಟಿ. ಯಂತ್ರ ಮೊದಲ ರೋಗಿಯ ಮೆದುಳನ್ನು ಪದರ ಪದರವಾಗಿ ಚಿತ್ರಿಸಿತು. ಉತ್ತರ ಕರ್ನಾಟಕದಲ್ಲಿ 'ಲಕ್ವಾ ಹೊಡೆಯಿತು' ಎನ್ನುವ ಪಾರ್ಶ್ವವಾಯುವಿಗೆ ಎರಡು ಮುಖ್ಯ ಕಾರಣಗಳಿವೆ: ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು, ಇಲ್ಲವೆ ನಾಳ ಒಡೆದು ರಕ್ತ ಸುರಿಯುವುದು. ಹೊರಗಿನಿಂದ ಎರಡೂ ಒಂದೇ ತೆರ. ಹೆಪ್ಪು ಕರಗಿಸುವ ಮದ್ದು ಒಬ್ಬನನ್ನು ಉಳಿಸಿದರೆ ಇನ್ನೊಬ್ಬನನ್ನು ಕೊಂದೀತು. ಇಲ್ಲಿ ಚಿತ್ರವಿಲ್ಲದೆ ವೈದ್ಯನ ಅನುಭವವೊಂದೇ ಸಾಲದು. ಆ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂಬ ಗಡುವೂ ಇದೆ.

ಈ ಗಡುವಿನೊಡನೆ ದೂರದ ಲೆಕ್ಕ ಸೇರಿಕೊಳ್ಳುತ್ತದೆ. ಹಿಂದೆ ಈ ಸೀಮೆಯವರು ಕಾಯಿಲೆ ಕೈಮೀರಿದಾಗ ಗೋಕಾಕ ರೋಡ್ ಅಥವಾ ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಆಸ್ಪತ್ರೆ ಅದು. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ತೆರೆದ ಮೇಲೆ ದಾರಿ ಅತ್ತ ತಿರುಗಿತು. ಗೋಕಾಕ, ಹುಕ್ಕೇರಿ, ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ, ಮೂರೂ ಕಡೆಯವರಿಗೆ ಇಂದಿಗೂ ದೊಡ್ಡ ಚಿಕಿತ್ಸೆ ಎಂದರೆ ಬೆಳಗಾವಿಯ ರಸ್ತೆಯೇ ನೆನಪಾಗುತ್ತದೆ. ಕಬ್ಬಿನ ಗದ್ದೆಯಲ್ಲಿ ಬೆವರಿ ಕುಸಿದವನಿಗೆ ಆ ರಸ್ತೆಯ ಒಂದೊಂದು ಮೈಲಿಯೂ ಹೃದಯದ ಸ್ನಾಯುವಿನ ಲೆಕ್ಕವೇ.

ಆದ್ದರಿಂದಲೇ ರಾಜ್ಯ ಸರ್ಕಾರ 2021ರಲ್ಲಿ ಅಕಾಲದಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರೂಪಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳು ಗಮನಾರ್ಹ. ರೋಗಿಗಿಂತ ಮೊದಲು ಅವನ ಇಸಿಜಿ ಪ್ರಯಾಣ ಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಗೆರೆಗಳನ್ನು ದೂರದ ತಜ್ಞರು ಓದುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ಮೊದಲ ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು ಎಂಬುದೂ ವೈದ್ಯರಿಗೆ ಗೊತ್ತಿರುವ ಪಾಠ.

ತುಮಕೂರಿನ ಹಳ್ಳಿಗರು ಅರವತ್ತು ವರ್ಷಗಳ ಹಿಂದೆ ಕಲಿಸಿದ್ದೂ ಇದನ್ನೇ. ನೋವಿದ್ದವನು ಬಾಗಿಲಿಗೆ ಬಂದೇ ಬರುತ್ತಾನೆ. ಬಂದಾಗ ಅವನನ್ನು ಕೂರಿಸಿ, ನೋವು ಯಾವಾಗ ಶುರುವಾಯಿತು, ಎತ್ತ ಹರಿಯಿತು ಎಂದು ಕೇಳುವವರು ಅಲ್ಲಿರಬೇಕು. ಯಾವ ಚಿತ್ರ ಬೇಕೆಂಬುದು ಆ ಉತ್ತರದಿಂದಲೇ ತಿಳಿಯುತ್ತದೆ.