ಮಖಮಲ್ಲಿನ ಧೂಳಿನಿಂದ ಮಾಸಿನವರೆಗೆ

2020ರ ಕೊನೆಯಲ್ಲಿ ರೋಮ್‌ನಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. 6 ಬಾಣಂತಿಯರ ಮಾಸು, ಅಂದ್ರೆ ಪ್ಲಾಸೆಂಟಾ, ಪರೀಕ್ಷೆ ಮಾಡಿದಾಗ 4ರಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ಒಟ್ಟು 12 ಚೂರು. ಹೊರಗಿನ ಪ್ಲಾಸ್ಟಿಕ್ ಸೇರಬಾರದು ಅಂತ ಹೆರಿಗೆ ಕೋಣೆಯಲ್ಲಿ ಹತ್ತಿಯ ಕೈಗವಸು ಹಾಕಿಕೊಂಡಿದ್ದರು.

ಆದ್ರೆ ಪ್ಲಾಸ್ಟಿಕ್ ನಮ್ಮ ಮೈಯೊಳಗೆ ಹೋಗುತ್ತೆ ಅನ್ನೋದು ಮೊದಲು ಗೊತ್ತಾಗಿದ್ದು ಕಾರ್ಖಾನೆಗಳಲ್ಲಿ. ಕೃತಕ ನೂಲಿನ ಧೂಳು ಕುಡಿದ ಕಾರ್ಮಿಕರ ಶ್ವಾಸಕೋಶದ ಕಾಯಿಲೆ ಬಗ್ಗೆ ಪೋರ್ಚುಗಲ್‌ನ ವೈದ್ಯರು 1975ರಲ್ಲೇ ಬರೆದಿದ್ದರು.

1990ರ ದಶಕಕ್ಕೆ ಬನ್ನಿ. ಅಮೆರಿಕದ ರೋಡ್ ಐಲೆಂಡ್. ನೈಲಾನ್ ಎಳೆಗಳನ್ನು ಸಣ್ಣಗೆ ಕತ್ತರಿಸಿ, ಬಟ್ಟೆಗೆ ಅಂಟಿಸಿ ಮಖಮಲ್ಲಿನಂತೆ ಮಾಡುವ ಕಾರ್ಖಾನೆ. ಸೋಫಾ ಹೊದಿಕೆಗೆ ಬಳಸ್ತಾರಲ್ಲ, ಅದೇ. ಅಲ್ಲಿನ ಒಬ್ಬ ಯುವ ಕಾರ್ಮಿಕ ಏದುಸಿರು ಬಿಡುತ್ತಾ ಡಾಕ್ಟರ್ ಡೇವಿಡ್ ಕೆರ್ನ್ ಹತ್ತಿರ ಬಂದ. ಎರಡು ವರ್ಷದ ಮೇಲೆ ಅದೇ ಕಾರ್ಖಾನೆಯಿಂದ ಇನ್ನೊಬ್ಬ. ಕೆರ್ನ್‌ಗೆ ಅನುಮಾನ ಬಲವಾಯಿತು. ಹುಡುಕುತ್ತಾ ಹೋದಂತೆ ರೋಗಿಗಳ ಸಂಖ್ಯೆ 8ಕ್ಕೆ ಏರಿತು.

ಇದನ್ನು ವೈದ್ಯರ ಸಮ್ಮೇಳನದಲ್ಲಿ ಹೇಳಲು ಹೊರಟಾಗ ಕಂಪನಿ ಕೋರ್ಟಿಗೆ ಎಳೆಯುವ ಬೆದರಿಕೆ ಹಾಕಿತು. ಹಿಂದೊಮ್ಮೆ ಗುಟ್ಟು ಕಾಪಾಡುವ ಪತ್ರಕ್ಕೆ ಅವರು ಸಹಿ ಹಾಕಿದ್ದರು ಅನ್ನೋದು ನೆಪ. ಅವರ ಆಸ್ಪತ್ರೆ, ವಿಶ್ವವಿದ್ಯಾಲಯ ಎರಡೂ ಬೆನ್ನಿಗೆ ನಿಲ್ಲಲಿಲ್ಲ. 1997ರಲ್ಲಿ ಕೆರ್ನ್ ಹೇಳಿಯೇ ಬಿಟ್ಟರು. ಅವರ ವಿಭಾಗ ಮುಚ್ಚಿತು, ಕೆಲಸದ ಕರಾರು ನವೀಕರಣ ಆಗಲಿಲ್ಲ. ಮರುವರ್ಷ ಲೇಖನ ಅಚ್ಚಾಯಿತು. ಕಾಯಿಲೆಗೆ ಅವರು ಕೊಟ್ಟ ‘ಫ್ಲಾಕ್ ವರ್ಕರ್ಸ್ ಲಂಗ್’ ಅನ್ನೋ ಹೆಸರು ಉಳಿದುಕೊಂಡಿತು.

ಅದೇ 1998ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಿಂದ ಇನ್ನೊಂದು ವರದಿ ಬಂತು. ಅಲ್ಲಿನ ಕ್ಯಾನ್ಸರ್ ಸಂಸ್ಥೆಯವರು 114 ಶ್ವಾಸಕೋಶದ ತುಣುಕುಗಳನ್ನು ನೋಡಿದರೆ, 99ರಲ್ಲಿ ಎಳೆಗಳು! ಹತ್ತಿಯಂಥ ಸಸ್ಯದ ಎಳೆ, ಜೊತೆಗೆ ಪ್ಲಾಸ್ಟಿಕ್. ಈ ಸಲ ಹುಡುಕಿದ್ದು ಯಾವುದೋ ಒಂದು ಕಾರ್ಖಾನೆಯವರಲ್ಲಿ ಅಲ್ಲ, ಆಸ್ಪತ್ರೆಗೆ ಬಂದವರಲ್ಲಿ.

ಹಾಗಾದ್ರೆ ಶ್ವಾಸಕೋಶದಿಂದ ಗರ್ಭಕ್ಕೆ ದಾರಿ ಇದೆಯಾ? ಇಲಿಗಳಲ್ಲಂತೂ ಇದೆ. 2020ರಲ್ಲೇ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ಗರ್ಭಿಣಿ ಇಲಿಗಳ ಶ್ವಾಸನಾಳಕ್ಕೆ 20 ನ್ಯಾನೊಮೀಟರ್‌ನ ಪಾಲಿಸ್ಟೈರೀನ್ ಕಣಗಳನ್ನು ಬಿಟ್ಟರು. 24 ಗಂಟೆಯಲ್ಲಿ ಅವು ಮಾಸನ್ನು ದಾಟಿ ಭ್ರೂಣದ ಯಕೃತ್ತು, ಹೃದಯ, ಮಿದುಳಿನಲ್ಲಿ ಕಾಣಿಸಿಕೊಂಡವು. ಭ್ರೂಣಗಳ ತೂಕವೂ ಕಡಿಮೆಯಾಗಿತ್ತು. ಇಲಿ ಮನುಷ್ಯನಲ್ಲ, ಮತ್ತೆ ಅಲ್ಲಿ ಕಣಗಳನ್ನು ನೇರವಾಗಿ ಸುರಿದದ್ದು. ಅದನ್ನ ಮರೀಬಾರದು.

ರೋಮ್‌ನ ಆ ತಾಯಂದಿರ ಗರ್ಭಾವಸ್ಥೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆ 12 ಚೂರುಗಳಲ್ಲಿ 5 ಸಿಕ್ಕಿದ್ದು ಮಾಸಿನಲ್ಲಿ ಮಗುವಿನ ಕಡೆಗೆ. ಮೂಗಿನಿಂದ ಬಂದವೋ, ಬಾಯಿಂದಲೋ ಅಂತ ಪರೀಕ್ಷೆ ಮಾಡಿದವರಿಗೂ ಹೇಳೋಕಾಗಲಿಲ್ಲ.