ಅಕ್ಷರಗುಂಡಿನ ಮೇಲೆ ಅಪ್ಪ-ಅಮ್ಮ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಸಿಗುತ್ತದೆ. ಅದರ ಆಸುಪಾಸಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಿವೆ. ಮಳೆ ಕಡಿಮೆ, ಬಂಡೆ ಹೆಚ್ಚು ಎನ್ನುವಂಥ ನಾಡು ಇದು. ಈ ಮೂರೂ ಕಡೆ ಅಶೋಕನ ಶಾಸನಗಳಿವೆ ಎಂಬುದನ್ನು ಶಾಲೆಗೆ ಹೋದವರೆಲ್ಲ ಓದಿರುತ್ತಾರೆ. ಆದರೆ ಅವುಗಳಲ್ಲಿ ಬರೆದಿರುವುದೇನು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಯುದ್ಧ, ದಾನ, ದತ್ತಿ, ಕೆರೆಕಟ್ಟೆಗಳ ವಿಷಯ ನಮ್ಮ ಶಾಸನಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಿಂದಿನ ಕಾಲದ ಒಬ್ಬ ತಂದೆಯೋ ತಾಯಿಯೋ ಮನೆಯನ್ನು ಹೇಗೆ ನಡೆಸುತ್ತಿದ್ದರು, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದರು, ಏನನ್ನು ವಿನೋದವೆಂದು ತಿಳಿದಿದ್ದರು ಎಂಬ ವಿವರ ಮಾತ್ರ ಸಿಗುವುದಿಲ್ಲ. ಮೊಳಕಾಲ್ಮೂರಿನ ಬಂಡೆಗಳು ಈ ಮಾತಿಗೆ ಅಪವಾದ.

ಬಿ.ಎಲ್. ರೈಸ್ ಅವರು 1892ರಲ್ಲಿ ಈ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿ.ಪೂ. ಮೂರನೆಯ ಶತಮಾನದ ಈ ಬರಹದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವೆಂದರೆ ಬ್ರಹ್ಮಗಿರಿಯ ಸುತ್ತಣ ಊರೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ತಂದೆಯ ಮಾತನ್ನು ಮಗ ಮುಂದಕ್ಕೆ ಕಳಿಸಿದ ಓಲೆ ಇದು ಎನ್ನಬಹುದು. ಬಂಡೆಗೆ ಇಳಿಸಿದ ಲಿಪಿಕಾರ ಚಪಡನೆಂಬವನು. ಲಿಪಿಕಾರನೆಂಬುದನ್ನು ಸೂಚಿಸುವ ಪದವನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ.

ಆಜ್ಞೆಯ ಎರಡನೆಯ ಭಾಗವೇ ನಮ್ಮ ವಿಷಯ. ತಾಯಿ ತಂದೆಯರಿಗೆ ಶುಶ್ರೂಷೆ ಮಾಡಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬುದು ಅದರ ಸಾರಾಂಶ. ಶುಶ್ರೂಷೆ ಎಂಬ ಮಾತನ್ನು ನಾವಿಂದು ರೋಗಿಯ ಆರೈಕೆಗೆ ಬಳಸುತ್ತೇವೆ. ಅದರ ಮೂಲಾರ್ಥ ಕೇಳುವ ಇಚ್ಛೆ. ಹೆತ್ತವರ ಮಾತಿಗೆ ಕಿವಿಗೊಡುವುದು, ಅವರು ಕೈಲಾಗದೆ ಕುಳಿತಾಗ ನೋಡಿಕೊಳ್ಳುವುದು, ಎರಡೂ ಆ ಒಂದೇ ಪದದಲ್ಲಿವೆ.

ಮನೆಯ ಇನ್ನಷ್ಟು ಸಂಗತಿಗಳು ತಿಳಿಯಬೇಕಾದರೆ ಅಶೋಕನ ದೊಡ್ಡ ಶಾಸನಗಳನ್ನು ನೋಡಬೇಕು. ಇಲ್ಲಿಂದ ಪೂರ್ವಕ್ಕೆ, ಆಂಧ್ರಪ್ರದೇಶದ ಗುತ್ತಿಯ ಬಳಿ ಇರುವ ಎರ್ರಗುಡಿಯಲ್ಲಿ ಅವು ಇವೆ. ಕಾಯಿಲೆ ಬಂದಾಗ, ಮಗನ ಅಥವಾ ಮಗಳ ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣ ಹೊರಟಾಗ ಹೆಂಗಸರು ಬಗೆಬಗೆಯ ಮಂಗಳಕಾರ್ಯಗಳನ್ನು ಮಾಡುತ್ತಾರೆಂದು ಅಲ್ಲಿ ಹೇಳಿದೆ. ಅವು ಕ್ಷುಲ್ಲಕ, ಫಲ ಕಡಿಮೆ ಎಂದು ದೊರೆಯ ತೀರ್ಪು. ಆದರೂ ಮಾಡುವುದಾದರೆ ಮಾಡಲಿ ಎಂದು ಅವನೇ ಒಪ್ಪುತ್ತಾನೆ. ಹೊಸಿಲು ದಾಟುವ ಮಗನಿಗೆ ಒಂದು ನಿಮಿಷ ಕುಳಿತು ಹೋಗು ಎನ್ನುವ ತಾಯಿಯನ್ನು ಬಲ್ಲ ನಮಗೆ, ಈ ಸಾಲಿನ ಹಿಂದಿರುವ ಮನೆ ಅಪರಿಚಿತವೇನಲ್ಲ.

ವಿನೋದ, ವಿಹಾರಗಳ ಪ್ರಸ್ತಾಪವೂ ಅಲ್ಲಿದೆ. ಹಿಂದಿನ ರಾಜರು ವಿಹಾರಯಾತ್ರೆಗೆ ಹೋಗುತ್ತಿದ್ದರು, ಬೇಟೆಯೇ ಅದರ ಮುಖ್ಯ ಆಟ. ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದ ಮೇಲೆ ಅಶೋಕ ಬೋಧಗಯೆಗೆ ಹೋದ. ಅಲ್ಲಿಂದಾಚೆಗೆ ವಿಹಾರದ ಬದಲು ಧರ್ಮಯಾತ್ರೆ ಬಂತು. ವೃದ್ಧರನ್ನು ಕಾಣುವುದು, ಅವರ ಪೋಷಣೆಗೆ ಹಣ ಕೊಡುವುದು, ಹಳ್ಳಿಗರೊಡನೆ ಮಾತನಾಡುವುದು ಆ ಯಾತ್ರೆಯ ಭಾಗಗಳಾಗಿದ್ದವು. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಬ್ಯೂಲರ್ ಭಾವಿಸಿದ್ದರು. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಅನಂತರದ ವಿದ್ವಾಂಸರು ಹೆಚ್ಚಾಗಿ ಒಪ್ಪಿರುವ ಅರ್ಥ.

ಹಾಗಾದರೆ ಹೆತ್ತವರನ್ನು ಗೌರವಿಸುವ ಪಾಠ ಈ ನಾಡಿಗೆ ಪಾಟಲಿಪುತ್ರದಿಂದ ಬಂತೇ? ಹಾಗೆಂದು ಶಾಸನವೇ ಹೇಳುವುದಿಲ್ಲ. ಇದು ಪುರಾತನ ಪ್ರಕೃತಿ, ಅಂದರೆ ಹಿಂದಿನಿಂದ ನಡೆದುಬಂದ ರೀತಿ, ಆಯುಷ್ಯವನ್ನು ಹೆಚ್ಚಿಸುವಂಥದು ಎಂದು ಅದರ ಕೊನೆಯಲ್ಲಿದೆ. ಮನೆಗಳಲ್ಲಿ ಮೊದಲೇ ಇದ್ದುದನ್ನು ಅರಸ ಬಂಡೆಗೆ ಹತ್ತಿಸಿದ ಅಷ್ಟೆ.

ಇದಕ್ಕೆ ನೆಲವೂ ಸಾಕ್ಷಿ ನುಡಿದಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಎಲ್ಲಕ್ಕೂ ಕೆಳಗಿನ ಪದರದಲ್ಲಿ ದೊರೆತದ್ದು ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆ. ಅದರ ಕಾಲವನ್ನು ವೀಲರ್ ತಡವಾಗಿ ಇಟ್ಟಿದ್ದರು. ಇತರ ನೆಲೆಗಳ ಕಾಲನಿರ್ಣಯದಿಂದ ಅದು ಅಶೋಕನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನದೆಂದು ಈಗ ತಿಳಿದಿದೆ. ಆ ಜನ ಸತ್ತ ದೊಡ್ಡವರನ್ನು ಗುಂಡಿಯಲ್ಲಿ ಮಲಗಿಸಿ ಹೂಳುತ್ತಿದ್ದರು. ಹಸುಗೂಸುಗಳನ್ನು ಮಾತ್ರ ಮಡಕೆಯಲ್ಲಿಟ್ಟು, ತಾವು ವಾಸಿಸುವ ನೆಲೆಯಲ್ಲೇ ಹೂಳುತ್ತಿದ್ದರು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲೂ ಇಂಥ ಮಡಕೆಗಳು ಸಿಕ್ಕಿವೆ.

ಅವರ ನಂಬಿಕೆ ಏನಿತ್ತೋ ಬರೆದಿಟ್ಟವರಿಲ್ಲ. ಧಾನ್ಯ ತುಂಬುವಂಥ ಮಡಕೆಯಲ್ಲಿ ಮಗುವನ್ನು ಮುದುರಿ ಇಟ್ಟು, ದೂರದ ಮಸಣಕ್ಕೆ ಒಯ್ಯದೆ ಹತ್ತಿರದಲ್ಲೇ ಇಟ್ಟುಕೊಂಡರು ಎಂಬುದಷ್ಟೇ ಖಚಿತ. ಮಕ್ಕಳು ಹೆತ್ತವರಿಗೆ ಏನು ಮಾಡಬೇಕೆಂದು ಮೇಲಿನ ಬಂಡೆ ಹೇಳುತ್ತದೆ. ಹೆತ್ತವರು ಮಕ್ಕಳಿಗೆ ಏನಾಗಿದ್ದರೆಂಬುದು ಅದೇ ಬೆಟ್ಟದ ಬುಡದ ಮಣ್ಣಿನಲ್ಲಿತ್ತು.

ಶತಮಾನಗಳು ಉರುಳಿದಂತೆ ಬ್ರಾಹ್ಮಿ ಲಿಪಿ ಜನರಿಗೆ ಮರೆತುಹೋಯಿತು. ಬ್ರಹ್ಮಗಿರಿಯ ಬಂಡೆ ಅವರಿಗೆ ಅಕ್ಷರಗುಂಡು, ಅಂದರೆ ಏನೋ ಬರೆದಿರುವ ಗುಂಡು. ಜಟಾಯು ಬಿದ್ದ ಸ್ಥಳವೆಂದು ಹೆಸರಾದ ಜಟಿಂಗ ರಾಮೇಶ್ವರದಲ್ಲಿ ಶಾಸನವಿದ್ದ ಬಂಡೆಯ ಹೆಸರು ಬಳೆಗಾರ ಗುಂಡು. ಜಾತ್ರೆಯ ದಿನ ಬಳೆಗಾರರು ಅದರ ಮೇಲೆ ಅಂಗಡಿ ಹಾಕುತ್ತಿದ್ದುದರಿಂದ ಆ ಹೆಸರು. ಮೂರು ಶಾಸನಗಳಲ್ಲಿ ಹೆಚ್ಚು ಸವೆದಿರುವುದೂ ಅದೇ.

ಶಾಸನ ಸವೆದದ್ದು ಇತಿಹಾಸಕ್ಕೆ ನಷ್ಟವೇ, ಅನುಮಾನವಿಲ್ಲ. ಉಳಿದ ಅಕ್ಷರಗಳನ್ನು ಕಾಪಾಡುವ ಹೊಣೆ ನಮ್ಮೆಲ್ಲರದು. ಆದರೂ ಆ ಜಾತ್ರೆಯನ್ನೊಮ್ಮೆ ಊಹಿಸಿಕೊಳ್ಳಿ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂಡಿ ಬೆಟ್ಟ ಹತ್ತುವ ದಿನ. ತಂದೆಯ ಹೆಗಲ ಮೇಲೆ ಒಂದು ಮಗು. ಮತ್ತೊಂದರ ಕೈ ಹಿಡಿದ ತಾಯಿ ಬಳೆಗಾರನ ಮುಂದೆ ಕುಳಿತು ಮಗಳ ಅಳತೆಯ ಬಳೆ ಹುಡುಕಿಸುತ್ತಿದ್ದಾಳೆ. ತಾನು ಕುಳಿತ ಕಲ್ಲಿನಲ್ಲಿ ತಾಯಿಯ ವಿಷಯವೇ ಬರೆದಿದೆಯೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವ ನಾವು ಮುಂದಿನ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಅದನ್ನು ಓದಿ ಹೇಳಬಹುದು. ಮನೆಯಲ್ಲಿರುವ ಅಜ್ಜ ಅಜ್ಜಿಯರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.