ಸೋಮನೂರಿಗೆ ಮದುವೆಗೆ ಹೊರಟವರಿಗೆ: ಊಟ, ಖರೀದಿ, ಸುತ್ತಾಟ

ಸೋಮನೂರು: ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಗಡಿಯಲ್ಲಿರುವ ಸೋಮನೂರು ಪ್ರವಾಸಿ ತಾಣವಲ್ಲ, ವಿದ್ಯುತ್ ಮಗ್ಗಗಳ ಊರು. ಆದರೆ ಕೊಂಗುನಾಡಿನಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಮದುವೆಯ ದಿನಗಳಲ್ಲಿ ಕರ್ನಾಟಕದಿಂದ ಈ ಕಡೆಗೆ ನೆಂಟರು ಬರುವುದುಂಟು. ಈ ಸೀಮೆಯಲ್ಲಿ ಮುಹೂರ್ತ ಹೆಚ್ಚಾಗಿ ನಸುಕಿನಲ್ಲೇ ಇರುತ್ತದೆ, ಆರತಕ್ಷತೆ ಹಿಂದಿನ ಸಂಜೆಯೇ ಮುಗಿದಿರುತ್ತದೆ. ಮುಹೂರ್ತವಾಗಿ ತಿಂಡಿ ಮುಗಿಸಿದ ಮೇಲೆ ಹಗಲೆಲ್ಲಾ ಬಿಡುವು. ಆ ಬಿಡುವಿನಲ್ಲಿ ಎಲ್ಲಿಗೆ ಹೋಗಬಹುದು, ಏನು ಕೊಳ್ಳಬಹುದು ಎಂಬ ಮಾಹಿತಿ ಇಲ್ಲಿದೆ.

ತಲುಪುವುದು ಹೇಗೆ?

ಸೋಮನೂರು ರೈಲು ನಿಲ್ದಾಣ ಕೊಯಮತ್ತೂರು-ತಿರುಪ್ಪೂರು ಮಾರ್ಗದಲ್ಲಿದೆ. ಇದು ಚಿಕ್ಕ ನಿಲ್ದಾಣ. ಬೆಂಗಳೂರಿನಿಂದ ಬರುವವರು ತಿರುಪ್ಪೂರು ಅಥವಾ ಕೊಯಮತ್ತೂರಿನಲ್ಲಿ ಇಳಿದು ಬಸ್ ಇಲ್ಲವೇ ಟ್ಯಾಕ್ಸಿ ಹಿಡಿಯುವುದು ಅನುಕೂಲ. ತಿರುಪ್ಪೂರು ಸುಮಾರು 20 ಕಿ.ಮೀ., ಕೊಯಮತ್ತೂರು ಸುಮಾರು 30 ಕಿ.ಮೀ. ದೂರ. ಸೇಲಂ-ಕೊಚ್ಚಿ ಹೆದ್ದಾರಿಯಲ್ಲಿ ಬರುವವರು ಕರುಮತ್ತಂಪಟ್ಟಿಯಲ್ಲಿ ತಿರುಗಬೇಕು.

ಮೈಸೂರು, ಚಾಮರಾಜನಗರದವರಿಗೆ ಹಾಸನೂರು, ದಿಂಬಂ ಘಾಟಿ, ಸತ್ಯಮಂಗಲದ ದಾರಿ ಹತ್ತಿರ. ಘಾಟಿಯಲ್ಲಿ 27 ತಿರುವುಗಳಿವೆ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನಲ್ಲೇ ದಾಟುವಂತೆ ಹೊರಡಬೇಕು, ಇಲ್ಲವಾದರೆ ಮುಹೂರ್ತ ತಪ್ಪೀತು. ಘಾಟಿ ಇಳಿದೊಡನೆ ಸಿಗುವ ಬಣ್ಣಾರಿ ಅಮ್ಮನ ದೇವಸ್ಥಾನಕ್ಕೆ ಕರ್ನಾಟಕದ ಭಕ್ತರೂ ಬಹಳ.

ಉಳಿಯಲು ಹೋಟೆಲುಗಳ ಆಯ್ಕೆ ತಿರುಪ್ಪೂರಿನಲ್ಲೂ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲೂ ಹೆಚ್ಚು. ಅಲ್ಲಿ ತಂಗುವವರು ನಸುಕಿನ ವಾಹನವನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು.

ಊಟ-ತಿಂಡಿ

ಕೊಂಗು ಅಡುಗೆ ಕನ್ನಡಿಗರ ನಾಲಿಗೆಗೆ ಹೊಸದಲ್ಲ. ನಮ್ಮ ಒಬ್ಬಟ್ಟು ಇಲ್ಲಿ 'ಒಪ್ಪುಟ್ಟು', ಒತ್ತು ಶಾವಿಗೆ ಇಲ್ಲಿ 'ಸಂದಗೈ'. ಅಕ್ಕಿ-ತೊಗರಿಬೇಳೆಯನ್ನು ಒಟ್ಟಿಗೆ ಬೇಯಿಸುವ 'ಅರಿಸಿ ಪರುಪ್ಪು ಸಾದಂ' ಬಿಸಿಬೇಳೆ ಬಾತಿಗಿಂತ ಸರಳ, ಮಸಾಲೆ ಕಡಿಮೆ. ಬಿಸಿಯಿರುವಾಗ ತುಪ್ಪ ಹಾಕಿಕೊಂಡು ಉಣ್ಣಬೇಕು. ಮಾಂಸಾಹಾರಿಗಳು ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ ಹಾಕಿ ಮಾಡುವ ಪಳ್ಳಿಪಾಳೆಯಂ ಚಿಕನ್ ಕೇಳಬಹುದು. ಸಂಜೆಯ ತಳ್ಳುಗಾಡಿಗಳಲ್ಲಿ ಸಿಗುವ 'ಕಾಳಾನ್', ಅಂದರೆ ಅಣಬೆ ಮಸಾಲೆ, ಕೊಯಮತ್ತೂರು ಕಡೆಯ ಯುವಕರ ಅಚ್ಚುಮೆಚ್ಚು. ಕೊಯಮತ್ತೂರಿಗೆ ಹೋದರೆ ಅನ್ನಪೂರ್ಣ ಹೋಟೆಲಿನ ಇಡ್ಲಿ-ಸಾಂಬಾರ್ ತಪ್ಪಿಸಬಾರದು.

ಏನು ಕೊಳ್ಳಬಹುದು?

ನೇಕಾರರ ಊರೆಂದು ಸೋಮನೂರಿನಲ್ಲೇ ಸೀರೆ ಹುಡುಕಿದರೆ ನಿರಾಸೆಯಾದೀತು. ಇಲ್ಲಿ ಮಗ್ಗದಿಂದ ಬರುವುದು ಹೆಚ್ಚಾಗಿ ಬಿಳುಪು ಮಾಡದ, ಬಣ್ಣ ಹಾಕದ ಹತ್ತಿಬಟ್ಟೆ. ಅದನ್ನು ಬಿಡಿಯಾಗಿ ಮಾರುವುದಿಲ್ಲ, ಸಗಟಾಗಿ ಬೇರೆ ಊರುಗಳಿಗೆ ಹೋಗುತ್ತದೆ.

ಸೀರೆ ಬೇಕಾದವರು ಕೊಯಮತ್ತೂರಿನ ಒಪ್ಪಣಕಾರ ಬೀದಿ, ಕ್ರಾಸ್‌ಕಟ್ ರಸ್ತೆಗೆ ಹೋಗಬೇಕು. ರೇಷ್ಮೆ-ಹತ್ತಿ ಬೆರೆತ ಕೋವೈ ಕೋರಾ ಸೀರೆ, ನೆಗಮಂ ಹತ್ತಿ ಸೀರೆ ಎರಡಕ್ಕೂ ಭೌಗೋಳಿಕ ಗುರುತು ದೊರೆತಿದೆ. ಮಕ್ಕಳ ಉಡುಪು, ಬನಿಯನ್, ಟಿ-ಶರ್ಟ್ ಬೇಕಿದ್ದರೆ ತಿರುಪ್ಪೂರು ರೈಲು ನಿಲ್ದಾಣದ ಬಳಿಯ ಖಾದರ್‌ಪೇಟೆ ಸರಿಯಾದ ಜಾಗ. ರಫ್ತಾಗಿ ಉಳಿದ ಮಾಲು ಕಡಿಮೆ ಬೆಲೆಗೆ ಸಿಗುತ್ತದೆ. ಹೊಲಿಗೆ, ಅಳತೆ ನೋಡಿಯೇ ಕೊಳ್ಳುವುದು ಲೇಸು.

ಊರಿಗೆ ಒಯ್ಯಲು ಊತ್ತುಕುಳಿ ಬೆಣ್ಣೆ-ತುಪ್ಪ ಹೆಸರುವಾಸಿ. 1948ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಶ್ರೀಕೃಷ್ಣ ಸ್ವೀಟ್ಸ್‌ನ 'ಮೈಸೂರ್‌ಪಾ'ವನ್ನು ಮೈಸೂರಿಗೇ ಒಯ್ದು ಹೋಲಿಸಿ ನೋಡಬಹುದು.

ನೋಡುವ ಸ್ಥಳಗಳು

* ಅವಿನಾಶಿ: ಕೊಂಗುನಾಡಿನ ಏಳು ಪ್ರಮುಖ ಶಿವಸ್ಥಳಗಳಲ್ಲಿ ಒಂದು. ಮೊಸಳೆ ನುಂಗಿದ್ದ ಬಾಲಕನನ್ನು ಸುಂದರರ್ ಹಾಡಿ ಮರಳಿ ಪಡೆದರೆಂಬ ಐತಿಹ್ಯವಿದೆ. ಇಲ್ಲಿನ ತೇರು ತಮಿಳುನಾಡಿನ ಬಹುದೊಡ್ಡ ತೇರುಗಳಲ್ಲೊಂದು.

* ತಿರುಮುರುಗನ್‌ಪೂಂಡಿ: ಅವಿನಾಶಿ-ತಿರುಪ್ಪೂರು ನಡುವಿನ ಮತ್ತೊಂದು ಶಿವಸ್ಥಳ. ಕಲ್ಲಿನ ವಿಗ್ರಹ ಕೆತ್ತುವ ಶಿಲ್ಪಿಗಳ ಊರು. ಉಳಿಯ ಸದ್ದು ರಸ್ತೆಗೇ ಕೇಳುತ್ತದೆ.

* ಕರುಮತ್ತಂಪಟ್ಟಿ: ಜಪಮಾಲೆ ಮಾತೆಯ ಹಳೆಯ ಚರ್ಚು ಸೋಮನೂರಿಗೆ ತೀರಾ ಹತ್ತಿರ.

* ತಿರುಪ್ಪೂರು: ರಾಷ್ಟ್ರಧ್ವಜವನ್ನು ಬಿಡದೆ ಹಿಡಿದು ಪೊಲೀಸರ ಏಟು ತಿಂದು 1932ರ ಜನವರಿಯಲ್ಲಿ ಮಡಿದ ತಿರುಪ್ಪೂರು ಕುಮಾರನ್ ಅವರ ಸ್ಮಾರಕ ಇಲ್ಲಿದೆ. ಅವರೂ ನೇಕಾರ ಕುಟುಂಬದವರೇ.

* ನಂಜರಾಯನ್ ಕೆರೆ: ತಿರುಪ್ಪೂರಿನ ಬಳಿಯ ಪಕ್ಷಿಧಾಮ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ವಲಸೆ ಹಕ್ಕಿಗಳನ್ನು ನೋಡಬಹುದು.

ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಬೆಳಿಗ್ಗೆ ದರ್ಶನ, ಮಧ್ಯಾಹ್ನ ಖರೀದಿ ಎಂದು ಇಟ್ಟುಕೊಂಡರೆ ಒಂದೇ ದಿನದಲ್ಲಿ ಅವಿನಾಶಿ, ಪೂಂಡಿ, ತಿರುಪ್ಪೂರು ಮೂರೂ ಆಗುತ್ತವೆ.

ಮಗ್ಗದ ಮನೆಗೊಂದು ಭೇಟಿ

ಎಲ್ಲಕ್ಕಿಂತ ಹತ್ತಿರದ ನೋಟ ನೆಂಟರ ಬೀದಿಯಲ್ಲೇ ಇದೆ. ಎರಡೂ ಜಿಲ್ಲೆಗಳಲ್ಲಿ ಲಕ್ಷಕ್ಕೂ ಹೆಚ್ಚು ವಿದ್ಯುತ್ ಮಗ್ಗಗಳಿದ್ದು, ಬಹುತೇಕ ನೇಕಾರರು ಕೂಲಿಗೆ ನೇಯುವವರು. ನೂಲು ವ್ಯಾಪಾರಿಯದು, ಮಗ್ಗ, ಶ್ರಮ, ಕರೆಂಟ್ ಬಿಲ್ಲು ನೇಕಾರನದು. ಕೂಲಿ ಏರಿಕೆಗಾಗಿ 2022 ಮತ್ತು 2025ರಲ್ಲಿ ಇಲ್ಲಿ ವಾರಗಟ್ಟಲೆ ಮುಷ್ಕರ ನಡೆಯಿತು. ಮಗ್ಗ ನಿಂತರೆ ಆ ದಿನದ ಸಂಪಾದನೆಯೂ ನಿಂತಂತೆ. ಮದುವೆಗೆಂದು ಎರಡು ದಿನ ಮಗ್ಗ ನಿಲ್ಲಿಸಿದ ಮನೆಯವರು ನೀಡುವ ಸತ್ಕಾರದ ಬೆಲೆ ಆಗ ತಿಳಿಯುತ್ತದೆ. ಕೇಳಿಕೊಂಡರೆ ಮಗ್ಗ ಓಡಿಸಿ ತೋರಿಸುತ್ತಾರೆ. ಸೀರೆಯ ಸೆರಗು, ಮಕ್ಕಳ ಕೈ ಯಂತ್ರಕ್ಕೆ ಸಿಗದಂತೆ ಎಚ್ಚರವಿರಲಿ.

ಭಾಷೆಯ ವಿಷಯ

ದೇವಾಂಗರ ಕುಲದೇವತೆ ಚೌಡೇಶ್ವರಿಯನ್ನು ಇಲ್ಲಿ ಸೌಡೇಶ್ವರಿ ಅಮ್ಮನ್ ಎನ್ನುತ್ತಾರೆ. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯಲ್ಲಿ ಕತ್ತಿ ಹಿಡಿದು ದೇವಿಯನ್ನು ಕರೆಯುವ ಮೆರವಣಿಗೆ ನಡೆಯುತ್ತದೆ. ಈ ಮನೆಗಳ ಕನ್ನಡದಲ್ಲಿ ತಮಿಳು ಬೆರೆತಿದೆ. ಶಾಲೆಯಲ್ಲಿ ಕಲಿತದ್ದು ತಮಿಳು ಲಿಪಿಯಾದ್ದರಿಂದ ಕನ್ನಡ ಓದಲು ಬಾರದವರೇ ಹೆಚ್ಚು, ಲಗ್ನಪತ್ರಿಕೆಯೂ ಸಾಮಾನ್ಯವಾಗಿ ತಮಿಳಿನಲ್ಲೇ ಇರುತ್ತದೆ. ಓದದೆ, ಬರೆಯದೆ ಬರೀ ಬಾಯಿಮಾತಿನಲ್ಲಿ ಉಳಿದು ಬಂದ ಕನ್ನಡವಿದು. ಕರ್ನಾಟಕದಿಂದ ಹೋದವರು ಅದನ್ನು ಕೇಳಿ ನಗಬಾರದು, ಇಂಗ್ಲಿಷಿಗೂ ಜಾರಬಾರದು. ಮದುವೆ ಮನೆಯ ಅಜ್ಜಿಯರ ಜತೆ, ಮುಖ್ಯವಾಗಿ ಮಕ್ಕಳ ಜತೆ, ಕನ್ನಡದಲ್ಲೇ ನಿಧಾನವಾಗಿ ಮಾತನಾಡಿದರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.